ಲಕೋಟೆಯಲ್ಲಿ ಬಂದ ಗುಂಡಿಗಳು

ಫೆಬ್ರವರಿ ೩

ತಮ್ಮನಿಗೆ,

ಪೂರ್ತಿ ಆಶೀರ್ವಾದ ಕಳಿಸುವ ಮನಸ್ಸಿಲ್ಲ. ಸದ್ಯಕ್ಕೆ ಅರ್ಧ ಕಳಿಸಿದ್ದೇನೆ, ಉಳಿದರ್ಧ ನಿನ್ನ ನಡತೆ ನೋಡಿಕೊಂಡು.

ಅಕ್ಕ ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಭಾವ ಬೆಳಗಾದರೆ ಬಸ್ಸು, ಸಂಜೆಯಾದರೆ ಸೊಂಟ ನೋವು ಎನ್ನುತ್ತಾ ಸುಖವಾಗಿದ್ದಾರೆ. ಕಾಗದ ಏಕೆಂದರೆ ನನಗೆ ಬೇರೆ ದಾರಿಯೇ ಉಳಿದಿಲ್ಲ. ಫೋನ್ ಮಾಡಿದರೆ ಎರಡನೇ ಮಾತಿಗೆ "ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ 'ಆಮೇಲೆ' ಇದುವರೆಗೂ ಬಂದಿಲ್ಲ. ಇನ್ನು ನಮ್ಮ 'ಹೊಲಿಗೆ ಕಟ್ಟೆ'ಯಲ್ಲೇ ಬರೆಯೋಣವೆಂದರೆ ನಿನ್ನೆ ಬೆಳಗ್ಗೆ ನನ್ನ ಹೆಸರಿನ ಕೆಳಗೆ ಕೆಂಪು ಅಕ್ಷರ ಕೂತಿದೆ: 'ಈ ಸದಸ್ಯರು ತೊಂಬತ್ತು ದಿನ ಓದಬಹುದು, ಬರೆಯುವಂತಿಲ್ಲ.'

ಯಾರಿಗೆ ಹೇಳಲಿ? ಹೊಲಿಗೆ ಮೆಷಿನ್ ರಿಪೇರಿ ಮಾಡುವ ನನ್ನ ತಮ್ಮ ಎಂಟು ವರ್ಷದ ಹಿಂದೆ ಇಂಟರ್ನೆಟ್ಟಿನಲ್ಲಿ ಒಂದು ಕಟ್ಟೆ ಕಟ್ಟಿದ. ಮೆಷಿನ್ ಕೆಟ್ಟವರು ಬಂದು ಕೇಳಲಿ ಎಂದು ಕಟ್ಟಿದ್ದು. ಬಂದವರು ಹೊಲಿಯುವವರು, ಬಂದ ಮೇಲೆ ಕೂತೇಬಿಟ್ಟರು. ಈಗ ಎರಡು ಸಾವಿರದ ಮುನ್ನೂರು ಜನ. ಅವರಲ್ಲಿ ಮೂರನೆಯವಳು ನಾನು. ಅಂಥವಳ ಬಾಯಿಗೆ ನನ್ನ ತಮ್ಮನೇ ಬೀಗ ಹಾಕಿದ ಎಂದು ಹೇಳಿದರೆ ನನ್ನ ಅಂಗಡಿಯ ಗಿರಾಕಿಗಳೂ ನಗುತ್ತಾರೆ.

ತಪ್ಪೇನು ಮಾಡಿದೆ? ಜನವರಿಯಲ್ಲಿ ನೀನು ಯಾರನ್ನೂ ಕೇಳದೆ ಒಂದು ನಿಯಮ ತಂದೆ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಅದನ್ನು ಕಾಯಲು ಒಂದು ಪ್ರೋಗ್ರಾಂ ಕೂರಿಸಿದೆ. ಹಳೆಯದರಂತೆ ಕಂಡದ್ದನ್ನೆಲ್ಲ ಅದು ಕಣ್ಣು ಮಿಟುಕಿಸುವುದರಲ್ಲಿ ಅಳಿಸಿಹಾಕುತ್ತದೆ. ಮೊನ್ನೆ ಹೊಸ ಹುಡುಗಿಯೊಬ್ಬಳು ಅಂಗಿಯ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟು, ಬಟ್ಟೆ ಮುಂದಿಟ್ಟುಕೊಂಡು ಏನು ಮಾಡಲಿ ಎಂದು ಕೇಳಿದಳು. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಪ್ರಶ್ನೆಯೇ ಇಲ್ಲ. ಐದು ವರ್ಷದ ಹಿಂದೆ ಯಾರೋ ಕೇಳಿದ್ದರಂತೆ. ಅವರ ಬಟ್ಟೆ ಬೇರೆ, ಇವಳ ಬಟ್ಟೆ ಬೇರೆ, ಉಳಿದ ತುಂಡಿನ ಅಳತೆಯೂ ಬೇರೆ ಎಂಬುದು ಆ ಪ್ರೋಗ್ರಾಮಿಗೆ ಹೇಗೆ ತಿಳಿಯಬೇಕು?

ಅದಕ್ಕೇ ಬರೆದೆ: 'ನಿಯಮ ಮಾಡುವ ಮೊದಲು ನಮ್ಮನ್ನೂ ಒಂದು ಮಾತು ಕೇಳಿ.' ಉತ್ತರ ಬರಲಿಲ್ಲ. ಮತ್ತೆ ಬರೆದೆ. ಅಳಿಸಿಹೋದಂತೆಲ್ಲ ಹನ್ನೊಂದು ಸಲ ಬರೆದೆ. ಹನ್ನೆರಡನೆಯದಕ್ಕೆ ಕೆಂಪು ಅಕ್ಷರ.

ನಾನು ಕೇಳುವುದು ಒಂದೇ. ಕಟ್ಟೆಯ ಕೀಲಿಕೈ ನಿನ್ನ ಹತ್ತಿರವೇ ಇರಲಿ, ಕಟ್ಟಿದವನು ನೀನು. ಆದರೆ ಅಲ್ಲಿ ಹೇಗಿರಬೇಕು ಎಂಬುದನ್ನು ಅಲ್ಲಿ ಕೂತವರೂ ಸೇರಿ ತೀರ್ಮಾನಿಸಲಿ. ಇದನ್ನಾದರೂ ಅಳಿಸಲು ನಿನ್ನಿಂದಾಗದು, ಪೆನ್ನಿನಲ್ಲಿ ಬರೆದಿದ್ದೇನೆ.

ಇನ್ನೊಂದು ವಿಷಯ. ಈಗಿನವರು ಒಂದು ನಮಸ್ಕಾರ ಕೂಡ ಹೇಳದೆ ನೇರವಾಗಿ ಕಾಲರ್ ಏಕೆ ಏಳುತ್ತಿದೆ ಎಂದು ಕೇಳುತ್ತಾರೆ. ಅದಕ್ಕೂ ಒಂದು ನಿಯಮ ಬೇಕು. ಅದನ್ನು ಆಮೇಲೆ ಮಾತಾಡೋಣ.

ಇತಿ,
ಓದಬಹುದಾದ, ಬರೆಯುವಂತಿಲ್ಲದ
ನಿನ್ನ ಅಕ್ಕ


ಫೆಬ್ರವರಿ ೧೧

ಅಕ್ಕನಿಗೆ,

ಅರ್ಧ ಆಶೀರ್ವಾದ ತಲುಪಿತು. ಪೂರ್ತಿ ನಮಸ್ಕಾರ ಕಳಿಸಿದ್ದೇನೆ.

ಮೊದಲು ಒಂದು ಮಾತು. ಬೀಗ ಹಾಕಿದ್ದು ನಾನಲ್ಲ, ಪ್ರೋಗ್ರಾಂ. ಹನ್ನೊಂದಕ್ಕಿಂತ ಹೆಚ್ಚು ಸಲ ಒಂದೇ ಮಾತು ಬರೆದವರು ಯಾರೇ ಆದರೂ ಅದು ಹಾಗೇ ಮಾಡುತ್ತದೆ. ತೆಗೆಯುವುದು ನನ್ನ ಕೈಯಲ್ಲಿದೆ, ನಿಜ. ತೆಗೆದರೆ ನಾಳೆ ಬೀಗ ಬಿದ್ದ ಇನ್ನೊಬ್ಬರಿಗೆ ಯಾವ ಮುಖ ತೋರಿಸಲಿ? ನನಗೆ ಅಕ್ಕ ಇದ್ದಾಳೆ, ನಿಮಗಿಲ್ಲ ಅನ್ನಲೇ?

ಎಂಟು ವರ್ಷ, ಅಕ್ಕ. ಬಾಬಿನ್ ದಾರ ಗಂಟಾಗುತ್ತಿದೆ ಎಂದು ಕೇಳಿದವರು ನಾನೂರ ಹದಿಮೂರು ಜನ. ನಾನೂರ ಹದಿಮೂರು ಸಲವೂ ಬಾಬಿನ್ ತಿರುಗಿಸಿ ಹಾಕಿ ಎಂದು ಬರೆದವನು ನಾನು. ಅಂಗಡಿಯಲ್ಲಿ ಒಂದು ಕೈಯಲ್ಲಿ ಎಣ್ಣೆ ಡಬ್ಬಿ, ಇನ್ನೊಂದರಲ್ಲಿ ಫೋನು. ಮನೆಗೆ ಬಂದರೆ ಊಟದ ತಟ್ಟೆಯ ಪಕ್ಕ ಮತ್ತೆ ಅದೇ ಫೋನು. ನಿನಗೆ ಗೊತ್ತಲ್ಲ, ಇವಳು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ದಿನಕ್ಕೆ ಇನ್ನೂರು ಜನಕ್ಕೆ ಸಮಾಧಾನವಾಗಿ ಮಾತ್ರೆ ಕೊಡುವವಳು, ದನಿ ಎತ್ತುವವಳೇ ಅಲ್ಲ. ಅವಳೇ ಒಂದು ದಿನ, "ನೀವು ನನ್ ಮುಖ ನೋಡಿ ಊಟ ಮಾಡಿದ್ದು ಯಾವಾಗ ಅಂತ ನಂಗೇ ನೆನಪಿಲ್ಲ" ಅಂದಳು. ಆ ವಾರವೇ ಈ ಪ್ರೋಗ್ರಾಂ ಬರೆಸಿದೆ. ಮೆಷಿನ್ನಿಗೆ ಒಂದು ದೋಷ, ಒಂದು ಪರಿಹಾರ. ಒಮ್ಮೆ ಹೇಳಿದರೆ ಸಾಕು. ಈಗ ಎರಡು ಹೊತ್ತೂ ಅವಳ ಮುಖ ನೋಡಿಯೇ ಉಣ್ಣುತ್ತಿದ್ದೇನೆ. ಕಟ್ಟೆಯ ಕಡೆ ಹೋಗಿಯೇ ಇಲ್ಲ ಎನ್ನಬಹುದು.

ಇನ್ನು ನೀನು 'ನಮ್ಮನ್ನೂ ಕೇಳಿ' ಎಂದು ಬರೆದದ್ದನ್ನು ನೋಡಿದೆ. ನಿನ್ನ ಮಾತಿನ ಕೆಳಗೆ ಯಾರಾದರೂ ಹೌದೆಂದಿದ್ದಾರೆಯೇ ಎಂದು ಒಂದು ವಾರ ಕಾದೆ. ಒಬ್ಬರೂ ಇಲ್ಲ. ಎರಡು ಸಾವಿರದ ಮುನ್ನೂರು ಜನರಲ್ಲಿ ಬೇಡವೆಂದವಳು ನೀನೊಬ್ಬಳೇ. ಬೇಜಾರು ಮಾಡಿಕೊಳ್ಳಬೇಡ, ಚಿಕ್ಕಂದಿನಲ್ಲಿ ನನ್ನ ತಲೆ ಬಾಚಿದ ಕೈ ಈಗಲೂ ಸುಮ್ಮನಿರುವುದಿಲ್ಲ ಅಂತ ನನಗನ್ನಿಸಿತು.

ಭಾವನ ಸೊಂಟಕ್ಕೆ ಇವಳು ಮುಲಾಮು ಕಳಿಸಿದ್ದಾಳೆ.

ನಿನ್ನ ತಮ್ಮ


ಫೆಬ್ರವರಿ ೨೦

ತಮ್ಮನಿಗೆ,

ಮುಲಾಮು ಬಂತು. ನಿನ್ನ ಭಾವ ಅದನ್ನು ಹಚ್ಚಿಕೊಂಡು ನಿನ್ನ ಹೆಂಡತಿಯನ್ನು ಹೊಗಳಿದ್ದೇ ಹೊಗಳಿದ್ದು. ನಿನ್ನ ಸುದ್ದಿ ಯಾರೂ ಎತ್ತಲಿಲ್ಲ.

ನೀನು ಬರೆದದ್ದು ಮನಸ್ಸಿಗೆ ನಾಟಿತು. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ನಾನೂ ದಿನವೂ ಹೋಗಿ ನೋಡಿದೆ, ನನ್ನ ಮಾತಿನ ಕೆಳಗೆ ಖಾಲಿ ಜಾಗ. ಎಷ್ಟು ಜನರ ಕಂಕುಳ ಅಳತೆ ಸರಿಮಾಡಿಕೊಟ್ಟಿದ್ದೇನೆ, ಎಷ್ಟು ಜನರ ಗುಂಡಿ ಕಾಜಾ ತಿದ್ದಿದ್ದೇನೆ. ಒಬ್ಬರಾದರೂ 'ಅಕ್ಕ ಹೇಳಿದ್ದು ಸರಿ' ಎನ್ನಬಾರದಿತ್ತೇ? ಒಂದು ವಾರ ಕತ್ತರಿ ಕೈಯಲ್ಲಿ ನಿಲ್ಲಲಿಲ್ಲ ನನಗೆ. ಅತ್ತದ್ದಿರಲಿ, ಕಟ್ಟೆಯಲ್ಲಿ ಅಕ್ಕ ಎಂದು ಕರೆಸಿಕೊಂಡದ್ದೂ ಅತಿಯಾಯಿತೇನೋ ಅನ್ನಿಸಿತು.

ಒಂದು ಹಳೆಯ ಮಾತು ಹೇಳಿ ನಿಲ್ಲಿಸುತ್ತೇನೆ. ನಿನಗೆ ಆರು, ನನಗೆ ಹನ್ನೆರಡು. ಶಾಲೆಯ ಬಿಳಿ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅಮ್ಮ ಕೆಲಸಕ್ಕೆ ಹೋಗಿದ್ದಳು. ಡಬ್ಬಿಯಲ್ಲಿ ಸಿಕ್ಕ ಹಸಿರು ಗುಂಡಿ ಹೊಲಿದು ಕಳಿಸಿದೆ. ಶಾಲೆಯಲ್ಲಿ ಎಲ್ಲರೂ ನಕ್ಕರೆಂದು ಮೂರು ದಿನ ನನ್ನ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನ ಏನಂದೆ ನೆನಪಿದೆಯೇ? "ಹಸಿರು ಹಾಕಿದ್ದಕ್ಕೆ ಸಿಟ್ಟಲ್ಲ, ನನ್ನನ್ ಕೇಳ್ದೇನೇ ಯಾಕೆ ಹಾಕ್ದೆ?" ಅಂದೆ. ಆ ಗುಂಡಿಯನ್ನು ಕಿತ್ತು ಮೋರಿಗೆ ಎಸೆದೆ ಎಂದೂ ಹೇಳಿದೆ.

ಈಗ ನಾನು ಕೇಳುತ್ತಿರುವುದೂ ಅದನ್ನೇ. ಒಬ್ಬಳೇ ಆದರೂ ಕೇಳುತ್ತೇನೆ.

ಅಕ್ಕ


ಮಾರ್ಚ್ ೨೪

ತಮ್ಮನಿಗೆ,

ಕುರ್ಚಿ ಎಳೆದುಕೊಂಡು ಕೂತು ಓದು.

ನಿನ್ನೆ ಮಧ್ಯಾಹ್ನ ಅಂಗಡಿಗೆ ಒಬ್ಬರು ಹಿರಿಯರು ಬಂದರು. ಕೈಯಲ್ಲಿ ಊರುಗೋಲು, ಮೈಮೇಲೆ ನಾನು ಬದುಕಿನಲ್ಲೇ ನೋಡದಂಥ ಕೋಟು. ಭುಜದಲ್ಲಿ ಒಂದು ಸುಕ್ಕಿಲ್ಲ. ಆ ಭುಜ ನೋಡಿಯೇ ಗುರುತು ಹಿಡಿದೆ. ನಮ್ಮ ಕಟ್ಟೆಯ ಕೋಟಜ್ಜ! ಐವತ್ತು ವರ್ಷ ಕೋಟು ಹೊಲಿದು ಈಗ ಕಟ್ಟೆಯಲ್ಲಿ ಕೂತು ಎಲ್ಲರ ಅಸ್ತರಿನ ತಪ್ಪು ಹುಡುಕುವವರು. ಮಗಳ ಮನೆಗೆ ಹೋಗುವ ದಾರಿಯಲ್ಲಿ ನನ್ನನ್ನು ಬೈಯುವುದಕ್ಕೆಂದೇ ಬಸ್ಸಿಳಿದಿದ್ದರು.

"ಅಲ್ಲಮ್ಮಾ, ನಿನ್ ಪರವಾಗಿ ಬರದ್ರೆ ನೀನೇ ಅಳಿಸ್ತೀಯಲ್ಲ?" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ನೀರು ಕೊಟ್ಟು ಸಾವಕಾಶವಾಗಿ ಕೇಳಿದೆ. ನಾನು ಬರೆದ ದಿನವೇ ಅವರು ನನ್ನ ಮಾತಿನ ಕೆಳಗೆ 'ನನ್ನದೂ ಇದೇ ಮಾತು' ಎಂದು ಬರೆದರಂತೆ. ಬರೆದದ್ದೇ ತಡ, ಮಾಯ. ಮತ್ತೆ ಬರೆದರು, ಮತ್ತೆ ಮಾಯ. ಅವರಿಗೆ ಗೊತ್ತಿದ್ದ ಇನ್ನೂ ನಾಲ್ವರಿಗೆ ಹಾಗೇ ಆಗಿದೆಯಂತೆ. ಅಕ್ಕನಿಗೆ ನಮ್ಮ ಬೆಂಬಲ ಬೇಡವಾಗಿದೆ ಎಂದುಕೊಂಡು ಎಲ್ಲರೂ ಸುಮ್ಮನಾದರಂತೆ.

ಈಗ ಹೊಳೆಯಿತೇ? ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ! ನಾನು ಹೇಳಿಯಾಗಿತ್ತು. ನನ್ನ ಮಾತಿಗೆ ಹೌದೆಂದವರೆಲ್ಲ ಹೇಳಿದ್ದನ್ನೇ ಹೇಳಿದಂತಾಯಿತು. ನಿನ್ನ ಕಾವಲುಗಾರ ಒಬ್ಬೊಬ್ಬರನ್ನೇ ಗುಡಿಸಿ ಹಾಕಿದ್ದಾನೆ. ಗುಡಿಸಿದ ಮೇಲೆ ನೀನು ಬಂದು ನೋಡಿ, ಅಯ್ಯೋ ಯಾರೂ ಇಲ್ಲವಲ್ಲ ಎಂದಿದ್ದೀಯ. ಎರಡೂ ಎಡತೋಳು ಕತ್ತರಿಸಿದ ಹುಡುಗಿಯನ್ನು ನೋಡಿ ಇನ್ನು ನೀನು ನಗುವಂತಿಲ್ಲ.

ನಾನು ನಕ್ಕು ನಕ್ಕು ಟೇಪನ್ನು ಕೊರಳಿಗೆ ಬಿಗಿದುಕೊಂಡೆ. ಕೋಟಜ್ಜನೂ ನಕ್ಕರು. ನಗು ಮುಗಿದ ಮೇಲೆ ಇಬ್ಬರೂ ಕೂತು ಒಂದು ಉಪಾಯ ಮಾಡಿದೆವು. ಕಟ್ಟೆಯಲ್ಲಿ ಇಬ್ಬರು ಒಂದೇ ಮಾತು ಹೇಳುವಂತಿಲ್ಲ ತಾನೇ? ಅಂಚೆಯಲ್ಲಿ ಹೇಳಬಹುದಲ್ಲ. ನಿಯಮ ಮಾಡುವಾಗ ನಮ್ಮನ್ನೂ ಕೇಳಬೇಕು ಅನ್ನುವವರು ನಿನ್ನ ಅಂಗಡಿಯ ವಿಳಾಸಕ್ಕೆ ಎರಡು ತೂತಿನ ಗುಂಡಿ ಒಂದನ್ನು ಕಳಿಸುವುದು. ಈಗಿರುವಂತೆಯೇ ಇರಲಿ ಅನ್ನುವವರು ನಾಲ್ಕು ತೂತಿನದು. ಹೆಸರು ಬೇಡ. ಕೋಟಜ್ಜ ನನ್ನ ಎದುರೇ ಕೂತು ಅದನ್ನು ಕಟ್ಟೆಯಲ್ಲಿ ಬರೆದರು. ಅಂಥ ಮಾತು ಮೊದಲು ಯಾರೂ ಹೇಳಿರಲಿಲ್ಲವಾದ್ದರಿಂದ ನಿನ್ನ ಕಾವಲುಗಾರ ಸಲಾಮು ಹೊಡೆದು ಬಿಟ್ಟುಬಿಟ್ಟ.

ಹೊಲಿಯುವವರ ಮನೆಯಲ್ಲಿ ಒಂಟಿ ಗುಂಡಿಗಳಿಗೆ ಬರವಿಲ್ಲ. ಒಂದರಂತೆ ಇನ್ನೊಂದು ಇರುವುದಿಲ್ಲ. ಹಳೆಯದರಂತಿದೆ ಎಂದು ಅಳಿಸು ನೋಡೋಣ.

ಅಂಚೆಯವರಿಗೆ ಚಹಾ ಮಾಡಿಸಿಡು.

ಬಹಳ ಖುಷಿಯಲ್ಲಿರುವ,
ನಿನ್ನ ಅಕ್ಕ


ಏಪ್ರಿಲ್ ೨

ಅಕ್ಕಾ,

ಕಾರ್ಡು ಚಿಕ್ಕದು, ಉಸಿರೂ ಇಲ್ಲ. ಇವತ್ತು ಒಂದೇ ದಿನ ಐವತ್ತೇಳು ಲಕೋಟೆ. ಅಂಚೆಯವರು ನನ್ನ ಅಂಗಡಿಗೆ ಬೇರೆ ಚೀಲವನ್ನೇ ಮಾಡಿಕೊಂಡಿದ್ದಾರೆ. "ಏನ್ ಸ್ವಾಮಿ, ನಿಮ್ಮಂಗಿಗೆ ಎಷ್ಟು ಗುಂಡಿ?" ಎಂದು ಕೇಳಿದರು. ಏನು ಹೇಳಲಿ?

ತಮ್ಮ


ಏಪ್ರಿಲ್ ೧೯

ಅಕ್ಕನಿಗೆ,

ಲಕೋಟೆಗಳು ಬರುವುದು ಮೊನ್ನೆಗೆ ನಿಂತಿತು. ನಿನ್ನೆ ಭಾನುವಾರ ನಾನೂ ಇವಳೂ ಕೂತು ಎಣಿಸಿದೆವು. ಅವಳು ಔಷಧಿ ಕೌಂಟರಿನಿಂದ ಮಾತ್ರೆ ಎಣಿಸುವ ಹಳೆಯ ತಟ್ಟೆ ತಂದಿದ್ದಳು. ಚಪ್ಪಟೆ ಕಡ್ಡಿಯಲ್ಲಿ ಐದೈದನ್ನು ಸರಿಸುವ ಅವಳ ಕೈ ನೋಡುತ್ತ ನಾನು ಎರಡು ಸಲ ಲೆಕ್ಕ ತಪ್ಪಿದೆ.

ಎರಡು ತೂತಿನವು ಐನೂರ ಎಪ್ಪತ್ತನಾಲ್ಕು. ನಾಲ್ಕು ತೂತಿನವು ನಲವತ್ತೆಂಟು. ಯಾರೋ ಒಂದು ಕೊಕ್ಕೆ ಕಳಿಸಿದ್ದಾರೆ, ಅದರ ಅಭಿಪ್ರಾಯ ತಿಳಿಯಲಿಲ್ಲ. ಎರಡು ಎಡತೋಳಿನ ಹುಡುಗಿ ಮಿಕ್ಕಿದ ಒಂದು ತೋಳನ್ನೇ ಕಳಿಸಿದ್ದಾಳೆ, ತುದಿಯಲ್ಲಿ ಎರಡು ತೂತಿನ ಗುಂಡಿ ಹೊಲಿದು! ಅದನ್ನು ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿದ್ದೇನೆ. ಬಂದವರೆಲ್ಲ ಕೇಳುತ್ತಾರೆ, ನಾನು ಪೂರ್ತಿ ಕಥೆ ಹೇಳುತ್ತೇನೆ, ನನ್ನ ಮಾನ ಹೋಗುವ ಭಾಗವನ್ನೂ ಸೇರಿಸಿ.

ಆಮೇಲೆ ಹೋಗಿ ಪ್ರೋಗ್ರಾಮಿನ ಕಸದ ಬುಟ್ಟಿ ತೆರೆದೆ. ಅಳಿಸಿದ್ದೆಲ್ಲ ಅಲ್ಲಿ ಕೂಡಿರುತ್ತದೆ. 'ನನ್ನದೂ ಇದೇ ಮಾತು', 'ಅಕ್ಕ ಹೇಳಿದ್ದು ಸರಿ', 'ನಮ್ಮನ್ನೂ ಕೇಳಿ', ಸಾಲುಸಾಲಾಗಿ ಮುನ್ನೂರಕ್ಕೂ ಹೆಚ್ಚು. ಓದುತ್ತ ಓದುತ್ತ ಕಣ್ಣು ತುಂಬಿತು ಅಕ್ಕ, ಸುಳ್ಳೇಕೆ ಹೇಳಲಿ. ನೀನು ಒಬ್ಬಳೇ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಅಳಿಸಲು ಒಂದು ಪ್ರೋಗ್ರಾಂ ಇದ್ದಿದ್ದರೆ ಚೆನ್ನಾಗಿತ್ತು. ನಾನು ಜನರ ಮಾತನ್ನು ಕೇಳದವನಲ್ಲ. ನನಗೆ ಕೇಳಿಸದ ಹಾಗೆ ನಾನೇ ಮಾಡಿಕೊಂಡಿದ್ದೆ.

ತಪ್ಪಾಯಿತು. ನಿನ್ನ ಬೀಗ ಇವತ್ತೇ ತೆಗೆಯುತ್ತೇನೆ, ಹ್ಞೂಂ ಎನ್ನು.

ಒಂದು ಸಂಶಯ. ಒಬ್ಬರು ಮೂರು ತೂತಿನ ಗುಂಡಿ ಕಳಿಸಿದ್ದಾರೆ. ಅಂಥದ್ದೂ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಯಾವ ಕಡೆ ಸೇರಿಸಲಿ?

ನಿನ್ನ ತಮ್ಮ


ಏಪ್ರಿಲ್ ೨೭

ತಮ್ಮನಿಗೆ,

ಉಳಿದರ್ಧ ಆಶೀರ್ವಾದ ಇದರ ಜೊತೆಗಿದೆ. ಜೋಪಾನವಾಗಿ ತೆಗೆದುಕೋ.

ಬೀಗ ತೆಗೆಯಬೇಡ. ಇನ್ನು ಆರು ದಿನಕ್ಕೆ ತಾನಾಗಿ ಬೀಳುತ್ತದೆ. ಅಕ್ಕ ಎಂದು ಬಿಟ್ಟ ಎನ್ನಿಸಿಕೊಳ್ಳುವುದು ನನಗೂ ಬೇಡ. ಎಂಬತ್ತನಾಲ್ಕು ದಿನ ಬಾಯಿಮುಚ್ಚಿ ಕೂತವಳಿಗೆ ಆರು ದಿನ ಯಾವ ದೊಡ್ಡದು? ನಿನ್ನ ಭಾವ ಮಾತ್ರ ಈ ಮೂರು ತಿಂಗಳು ಕಟ್ಟೆಗೆ ಹೇಳಬೇಕಾದ್ದನ್ನೆಲ್ಲ ಅವರಿಗೇ ಹೇಳಿದೆನೆಂದು ದಿನ ಎಣಿಸುತ್ತಿದ್ದಾರೆ.

ಇನ್ನು ನೀನು ನನ್ನನ್ನು ಬರಿಯ ಹಟದವಳು ಎಂದುಕೊಂಡೆಯಲ್ಲ, ನಿನ್ನ ಕಾಗದದ ಒಂದು ಸಾಲು ನಾನೂ ಮರೆತಿಲ್ಲ. ನಾನೂರ ಹದಿಮೂರು ಬಾಬಿನ್. ನಾವೆಲ್ಲ ಕೂತು ಹರಟೆ ಹೊಡೆಯುವಾಗ ಕಟ್ಟೆ ಗುಡಿಸುತ್ತಿದ್ದವನು ನೀನೊಬ್ಬನೇ. ನಮಗೆ ಮಾತು ಬೇಕೆಂದರೆ ಕೆಲಸವೂ ಬೇಕು. ಐದು ಜನರನ್ನು ಆರಿಸೋಣ, ಒಬ್ಬೊಬ್ಬರು ಒಂದೊಂದು ವಾರ ನೋಡಿಕೊಳ್ಳಲಿ. ಬಾಬಿನ್ ಪ್ರಶ್ನೆ ಬಂದರೆ ಅವರು ಉತ್ತರಿಸಲಿ, ನೀನು ಊಟ ಮಾಡು.

ಮೂರು ತೂತಿನ ಗುಂಡಿಯನ್ನು ನನ್ನನ್ನೇಕೆ ಕೇಳುತ್ತೀ? ಕಳಿಸಿದವರನ್ನು ಕೇಳು. ಇಷ್ಟು ಕಾಗದ ಬರೆದ ಮೇಲೂ ಅದನ್ನೇ ಹೇಳಬೇಕೇನೋ!

ಅಕ್ಕ


ಜೂನ್ ೧೪

ಅಕ್ಕನಿಗೆ,

ನೀನು ಕಟ್ಟೆಗೆ ಮರಳಿದ ಮೇಲೆ ಕಾಗದ ನಿಂತೇಹೋಗಿತ್ತು. ಇದನ್ನು ಕಾಗದದಲ್ಲೇ ಹೇಳಬೇಕು ಎನ್ನಿಸಿ ಬರೆಯುತ್ತಿದ್ದೇನೆ.

ಐವರು ಬಂದರು, ಆ ಅಳಿಸುವ ಪ್ರೋಗ್ರಾಂ ನಿಂತಿತು, ನನ್ನ ಮೈ ಹಗುರಾಗಿದೆ. ಕಳೆದ ವಾರದ ಸರದಿ ಎಡತೋಳಿನ ಹುಡುಗಿಯದು. ಬಾಬಿನ್ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಬರೆದಿದ್ದಾಳೆ, ಚಿತ್ರ ಬೇರೆ ಬಿಡಿಸಿದ್ದಾಳೆ. ಮೂರು ತೂತಿನವರು ಯಾರೆಂದು ಕಟ್ಟೆಯಲ್ಲೇ ವಿಚಾರಿಸಿ, ಅವರನ್ನೂ ಕೇಳಿದೆ. ಎರಡೂ ಕಡೆಯವರಿಗೆ ಬೇಜಾರಾಗದಿರಲಿ ಎಂದು ಕಳಿಸಿದ್ದರಂತೆ. ಅವರನ್ನು ಜಗಳ ಬಿಡಿಸುವ ಕೆಲಸಕ್ಕೆ ಹಾಕಿದ್ದೇವೆ.

ಈಗ ವಿಷಯಕ್ಕೆ ಬರುತ್ತೇನೆ, ಗಟ್ಟಿಯಾಗಿ ಏನನ್ನಾದರೂ ಹಿಡಿದುಕೋ. ಪ್ರಶ್ನೆ ಕೇಳುವ ಮೊದಲು ಎಲ್ಲರೂ ಕಡ್ಡಾಯವಾಗಿ ನಮಸ್ಕಾರ ಹೇಳಬೇಕು ಎಂದು ನೀನು ಸೂಚಿಸಿದ ನಿಯಮಕ್ಕೆ ಬಂದ ಗುಂಡಿಗಳನ್ನು ಐವರೂ ನನ್ನ ಅಂಗಡಿಯಲ್ಲೇ ಕೂತು ಎಣಿಸಿದರು. ಬೇಡ ಎಂದವು ಮುನ್ನೂರ ತೊಂಬತ್ತೊಂದು. ಬೇಕು ಎಂದವು ಎರಡು.

ಕೋಟಜ್ಜ ನಿನಗೆ ಹೇಳಲು ಹೇಳಿದ್ದಾರೆ: "ಅಕ್ಕನ್ ಕಂಡ್ರೆ ಎಲ್ರಿಗೂ ಪ್ರೀತಿನೇ. ಆದ್ರೆ ಹೇಳಿಸ್ಕೊಂಡು ಮಾಡೋದು ನಮಸ್ಕಾರ ಅಲ್ಲ ಕಣಮ್ಮ."

ನನ್ನ ಅಕ್ಕ ಕಾದಾಡಿ ತಂದ ಮತದಲ್ಲಿ ಮೊದಲು ಸೋತವಳು ನನ್ನ ಅಕ್ಕನೇ ಎಂದು ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗಲಿಲ್ಲ. ಸ್ವಲ್ಪ ನಕ್ಕೆ.

ಸೋತ ಕಡೆಯ ಗುಂಡಿಗಳನ್ನು ಸೂಚಿಸಿದವರಿಗೇ ಹಿಂದಿರುಗಿಸಬೇಕೆಂದು ಐವರ ತೀರ್ಮಾನ. ಈ ಪೊಟ್ಟಣದಲ್ಲಿ ಆ ಎರಡೂ ಇವೆ. ಒಂದು ನಿನ್ನದೇ, ನೋಡಿದರೆ ಗೊತ್ತಾಗುತ್ತದೆ. ಇನ್ನೊಂದರ ಲಕೋಟೆಯ ಮೇಲೆ ಹೆಸರಿರಲಿಲ್ಲ.

ನಿನ್ನ ತಮ್ಮ


ಜೂನ್ ೨೨

ತಮ್ಮನಿಗೆ,

ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮುನ್ನೂರ ತೊಂಬತ್ತೊಂದು! ಅದರಲ್ಲಿ ನಾನೇ ಅಳತೆ ಹೇಳಿಕೊಟ್ಟವರು ಎಷ್ಟಿರಬಹುದು ಎಂದು ಮನಸ್ಸಿನಲ್ಲೇ ಒಬ್ಬೊಬ್ಬರ ಕಿವಿ ಹಿಂಡಿದೆ. ನಿನ್ನ ಪೊಟ್ಟಣವನ್ನು ತೆರೆಯದೆ ಕತ್ತರಿ ಇಡುವ ಡ್ರಾಯರಿಗೆ ಎಸೆದೆ. ಮೂರನೇ ದಿನ ಕಟ್ಟೆಗೆ ಹೋದರೆ ಹೊಸಬನೊಬ್ಬ 'ನಮಸ್ಕಾರ ಎಲ್ಲರಿಗೂ' ಎಂದು ಶುರು ಮಾಡಿದ್ದಾನೆ, ಯಾರೂ ಹೇಳದೆಯೇ. ಅದನ್ನು ನೋಡಿ ಸಿಟ್ಟು ಇಳಿದುಹೋಯಿತು. ಕೋಟಜ್ಜನಿಗೆ ನಾನು ಸೋತೆ, ಅವರು ಹೇಳಿದ್ದೇ ಸರಿ ಎಂದು ಬರೆದೆ. ಬರೆದದ್ದು ಅಳಿಸಿಹೋಗಲಿಲ್ಲ.

ಆಮೇಲೆ ಪೊಟ್ಟಣ ಬಿಚ್ಚಿದೆ.

ನನ್ನ ಹಿತ್ತಾಳೆ ಗುಂಡಿ ಮೊದಲು ಬಿತ್ತು. ಅದರ ಹಿಂದೆ ಉರುಳಿ ಬಂದದ್ದು ಹಸಿರು. ಎರಡು ತೂತಿನದು, ಅಂಚಿನಲ್ಲಿ ಸ್ವಲ್ಪ ಚಕ್ಕೆ ಎದ್ದದ್ದು. ತೂತಿನಲ್ಲಿ ಬಿಳಿ ದಾರ ಇನ್ನೂ ಇದೆ, ಗಂಟು ಹೊರಗಡೆಗೇ ಬಿದ್ದಿದೆ. ಹನ್ನೆರಡು ವರ್ಷದವಳಾಗಿದ್ದಾಗ ನನಗೆ ಗಂಟನ್ನು ಒಳಗೆ ಹಾಕಲು ಬರುತ್ತಿರಲಿಲ್ಲ.

ಮೋರಿಗೆ ಎಸೆದೆ ಅಂದಿದ್ದೆಯಲ್ಲೋ.

ಮೂವತ್ತೊಂದು ವರ್ಷ ಅದನ್ನು ಎಲ್ಲಿಟ್ಟಿದ್ದೆ ಎಂದು ಕೇಳುವುದಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ಸ್ವಲ್ಪ ಹೊತ್ತು ಅತ್ತೆ. ಗಿರಾಕಿಯೊಬ್ಬರು ಬಂದು, ಏನಾಯಿತೆಂದು ಕೇಳಿದರು. ಎಲೆಕ್ಷನ್ನಿನಲ್ಲಿ ಸೋತೆ ಎಂದೆ.

ನಿನಗೆ ಒಂದು ಬಿಳಿ ಅಂಗಿ ಹೊಲಿಯುತ್ತಿದ್ದೇನೆ. ಅಳತೆ ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು, ಎರಡು ಹೊತ್ತೂ ಕೂತು ಉಂಡು ಸೊಂಟ ಎರಡಿಂಚು ಹೆಚ್ಚಾಗಿದೆಯಂತೆ. ಕಾಜಾ ಆರೂ ಆಗಿದೆ. ಐದು ಬಿಳಿ ಗುಂಡಿ ಹೊಲಿದು ನಿಲ್ಲಿಸಿದ್ದೇನೆ.

ಆರನೆಯದಕ್ಕೆ ಹಸಿರು ಹಾಕಲೇ? ನೀನು ಬರೆಯುವ ತನಕ ಸೂಜಿ ಮುಟ್ಟುವುದಿಲ್ಲ.

ನಿನ್ನ ಅಕ್ಕ